ಒದ್ದೆಯಾದ್ರೆ ಅಗಲ ಕಳ್ಕೊಳ್ತಿದ್ದ ಪ್ರೋಟೀನ್ ಬಟ್ಟೆ: ಒಂದು ಲಾಟ್‌ನ ಕೇಸ್ ಸ್ಟಡಿ

ಇದು ಒಂದೇ ಒಂದು ಬಟ್ಟೆಯ ವಿಷ್ಯ. ನೇಯ್ದವರು, ಫಿನಿಶಿಂಗ್ ಮಾಡಿದವರು, ನೂಲು ಕೊಟ್ಟವರು, ಆರ್ಡರ್ ಕೊಟ್ಟ ಬ್ರ್ಯಾಂಡ್, ಯಾರ ಹೆಸರೂ ಇಲ್ಲಿ ಬರಲ್ಲ. ಗುರುತು ಹತ್ತಬಾರದು ಅಂತ ಅಂಕಿಗಳನ್ನೂ ಸ್ವಲ್ಪ ದುಂಡು ಮಾಡಿದೀನಿ, ಆದ್ರೆ ಏನು ಯಾವ ಕ್ರಮದಲ್ಲಿ ಆಯ್ತು ಅನ್ನೋದು ಹಾಗೇ ಇದೆ. ನಾನು ಇದ್ರಲ್ಲಿ ಇದ್ದಿದ್ದು ಫಿನಿಶಿಂಗ್ ಕಡೆಯಿಂದ, ಅಂದ್ರೆ ನೇಯ್ದ ಬಟ್ಟೆಯನ್ನ ನೆನೆಸಿ, ಒಣಗಿಸಿ, ಅಗಲ ಹಿಡಿದು ಸಿದ್ಧ ಮಾಡೋ ಕೆಲ್ಸ.

ಮೊದಲು ನಾರಿನ ಬಗ್ಗೆ

ಎಂಜಿನಿಯರ್ಡ್ ಪ್ರೋಟೀನ್ ನಾರು ಅಂದ್ರೆ ಜೇಡದ ಎಳೆಯದ್ದೋ ರೇಷ್ಮೆಯದ್ದೋ ಪ್ರೋಟೀನನ್ನ ಮಾದರಿಯಾಗಿ ಇಟ್ಕೊಂಡು, ಬೇಕಾದಂಗೆ ಅಮೈನೋ ಆಮ್ಲಗಳ ಸಾಲನ್ನ ತಿದ್ದಿ, ಆ ಜೀನನ್ನ ಬ್ಯಾಕ್ಟೀರಿಯಾಗೋ ಯೀಸ್ಟ್‌ಗೋ ಸೇರಿಸಿ ಟ್ಯಾಂಕಲ್ಲಿ ಹುದುಗಿಸಿ, ಬಂದ ಪ್ರೋಟೀನ್ ಪುಡಿಯನ್ನ ದ್ರಾವಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆಯೋದು. ಪ್ರೋಟೀನ್‌ನಿಂದ ನಾರು ಮಾಡೋ ಹುಚ್ಚು ಹಳೇದೇ. 1930ರ ದಶಕದಲ್ಲಿ ಇಟಲಿಯಲ್ಲಿ ಹಾಲಿನ ಕೇಸಿನ್‌ನಿಂದ ಲಾನಿಟಾಲ್ ಮಾಡಿದ್ರು, ಆಮೇಲೆ ಬ್ರಿಟನ್‌ನಲ್ಲಿ ಕಡಲೆಕಾಯಿ ಪ್ರೋಟೀನ್‌ನ ಆರ್ಡಿಲ್ ಬಂತು, ಅಮೆರಿಕದಲ್ಲಿ ಮೆಕ್ಕೆಜೋಳದ ಪ್ರೋಟೀನ್‌ನ ವಿಕಾರಾ ಬಂತು, ಒದ್ದೆಯಾದಾಗ ಬಲ ಬಿದ್ದುಹೋಗೋದು ಆ ತಲೆಮಾರಿನ ನಾರುಗಳಿಗೆಲ್ಲ ಅಂಟಿದ್ದ ಕಾಯಿಲೆ.

ಈ ತಲೆಮಾರಿನ ಕಾಯಿಲೆ ಬೇರೆ, ಒದ್ದೆಯಾದ್ರೆ ಕುಗ್ಗೋದು. ಜಪಾನಿನ ಸ್ಪೈಬರ್ ಕಂಪನಿ ಮತ್ತು ಗೋಲ್ಡ್‌ವಿನ್ ಸೇರಿ 2015ರಲ್ಲಿ ದಿ ನಾರ್ತ್ ಫೇಸ್ ಹೆಸರಲ್ಲಿ ಮೂನ್ ಪಾರ್ಕಾ ಅನ್ನೋ ಜಾಕೆಟ್‌ನ ಪ್ರೋಟೋಟೈಪ್ ತೋರಿಸಿದ್ದು ತುಂಬಾ ಜನಕ್ಕೆ ನೆನಪಿರತ್ತೆ, ಅದು ಮಾರಾಟಕ್ಕೆ ಬಂದಿದ್ದು 2019ಕ್ಕೆ, ಅದೂ ಬರೀ 50 ಪೀಸು. ತಡ ಆಗಿದ್ದಕ್ಕೆ ದೊಡ್ಡ ಕಾರಣ ಇದೇ ನೀರಿನ ಕುಗ್ಗಾಟ, ಅವರು ಪ್ರೋಟೀನಿನ ಸಾಲನ್ನೇ ತಿದ್ದಿ ನೀರಿನ ಮೇಲಿನ ಆಸೆ ಕಮ್ಮಿ ಮಾಡ್ಬೇಕಾಯ್ತು. ಅಂದ್ರೆ ಜೀನ್ ಮಟ್ಟದಲ್ಲಿ ಕೈ ಹಾಕೋ ಶಕ್ತಿ ಇರೋರಿಗೇ ವರ್ಷಗಟ್ಟಲೆ ಹಿಡೀತು. ನಮ್ಮ ಥರ ನಾರು ಬಂದ ಮೇಲೆ ಕೆಲ್ಸ ಶುರು ಮಾಡೋರ ಕೈಲಿರೋದು ನೀರು, ಬಿಸಿ, ಟೆನ್ಶನ್, ಇಷ್ಟೇ.

ಯಾಕೆ ಕುಗ್ಗತ್ತೆ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ, ಮುಂದಿನದೆಲ್ಲ ಇದ್ರ ಮೇಲೇ ನಿಂತಿದೆ. ನಾರಿನೊಳಗೆ ಅಲನೀನ್ ಸಾಲುಗಟ್ಟಿರೋ ಕಡೆ ಗಟ್ಟಿ ಹರಳುಗಳಿರ್ತವೆ, ಗ್ಲೈಸಿನ್ ಜಾಸ್ತಿ ಇರೋ ಕಡೆ ಸರಪಳಿಗಳು ಅಸ್ತವ್ಯಸ್ತ. ಎಳೆ ತೆಗೆಯುವಾಗ ಜಗ್ಗಿ ಉದ್ದ ಮಾಡ್ತಾರಲ್ಲ, ಆಗ ಈ ಅಸ್ತವ್ಯಸ್ತ ಸರಪಳಿಗಳೂ ನೆಟ್ಟಗಾಗಿ, ಹೈಡ್ರೋಜನ್ ಬಂಧಗಳು ಅವನ್ನ ಹಾಗೇ ಹಿಡ್ಕೊಂಡು ಒಣಗಿಬಿಡ್ತವೆ. ನೀರು ಒಳಗೆ ಹೋದ್ರೆ ಆ ಹಿಡಿತ ಸಡಿಲ, ಸರಪಳಿ ವಾಪಸ್ ಮುದುಡಿಕೊಳ್ಳತ್ತೆ. ಜೇಡ ನೇತಾಡೋಕೆ ಬಳಸೋ ಡ್ರ್ಯಾಗ್‌ಲೈನ್ ಎಳೆ ಹಿಡ್ಕೊಳ್ಳೋರಿಲ್ದೆ ಒದ್ದೆಯಾದ್ರೆ ಅರ್ಧ ಉದ್ದಕ್ಕೇ ಇಳಿಯಬಹುದು, ಇದಕ್ಕೆ ಸೂಪರ್‌ಕಾಂಟ್ರಾಕ್ಷನ್ ಅಂತಾರೆ. ನೀರಲ್ಲಿ ಮುಳುಗಿಸಲೇಬೇಕು ಅಂತಿಲ್ಲ, ಗಾಳಿಯ ತೇವಾಂಶ ಶೇ 70ರ ಆಸುಪಾಸು ದಾಟಿದ್ರೂ ಶುರುವಾಗತ್ತೆ. ಮಾಮೂಲಿ ರೇಷ್ಮೆ ಹುಳದ ಎಳೆಯಲ್ಲಿ ಇದು ತೀರಾ ಕಮ್ಮಿ.

ಏನಾಗಿತ್ತು

ಬಟ್ಟೆ ಹೀಗಿತ್ತು: ಹಾಸು, ಅಂದ್ರೆ ಉದ್ದಕ್ಕೆ ಹೋಗೋ ಎಳೆಗಳು, ಗೋಂದು ತೆಗೆದು ಬಣ್ಣ ಹಾಕಿದ ರೇಷ್ಮೆ; ಹೊಕ್ಕು, ಅಂದ್ರೆ ಅಡ್ಡ ಎಳೆಗಳು, ಪೂರ್ತಿ ಈ ಹೊಸ ನಾರಿನ 20 ಟೆಕ್ಸ್ ನೂಲು (ಟೆಕ್ಸ್ ಅಂದ್ರೆ 1000 ಮೀಟರ್ ನೂಲು ಎಷ್ಟು ಗ್ರಾಂ ತೂಗತ್ತೆ ಅನ್ನೋದು). ಹಗುರ ಜಾಕೆಟ್‌ಗೆ ಅಂತ ಮಾಡಿದ್ದು. ಫಿನಿಶ್ ಆದ ಅಗಲ 150 ಸೆಂಟಿಮೀಟರ್, ನೋಡೋಕೆ ಮುಟ್ಟೋಕೆ ಅದ್ಭುತ, ಬ್ರ್ಯಾಂಡ್‌ನವರು ಕೈಲಿ ಹಿಡ್ಕೊಂಡೇ ಓಕೆ ಅಂದಿದ್ರು. ಬಟ್ಟೆ ಒಗೆದು ಟೆಸ್ಟ್ ಮಾಡೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6330 ಪ್ರಕಾರ ನಾಜೂಕು ಸೈಕಲ್‌ನಲ್ಲಿ ಒಂದು ವಾಶ್ ಕೊಟ್ರು ನೋಡಿ, ಅಗಲ 124ಕ್ಕೆ ಬಂತು. ಶೇ 17. ಒಪ್ಪಂದದಲ್ಲಿ ಇದ್ದ ಮಿತಿ ಶೇ 3. ಉದ್ದದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ, ಅದು ರೇಷ್ಮೆ ಕಡೆ. ಬಟ್ಟೆ ದಪ್ಪ ಆಗಿ, ಮೈಮೇಲೆಲ್ಲ ಉಬ್ಬು ತಗ್ಗು.

ಇದಕ್ಕೂ ಮುಂಚೇನೇ ಎರಡು ಸುಳಿವು ಸಿಕ್ಕಿತ್ತು, ಯಾರೂ ಜೋಡಿಸಿ ನೋಡಿರ್ಲಿಲ್ಲ. ಒಂದು, ಮಗ್ಗದ ಶೆಡ್ಡಲ್ಲಿ ಬಿಟ್ಟಿದ್ದ ಕೋನ್‌ಗಳು, ಅಂದ್ರೆ ನೂಲು ಸುತ್ತಿರೋ ಉಂಡೆಗಳು, ಗಟ್ಟಿಯಾಗ್ತಾ ಬಂದಿವೆ, ಬಿಚ್ಚುವಾಗ ಟೆನ್ಶನ್ ಜಾಸ್ತಿ ಅಂತ ನೇಯೋರು ಗೊಣಗ್ತಿದ್ರು. ಇನ್ನೊಂದು, ಬಟ್ಟೆ ಅಡ್ಡಕ್ಕೆ ಮಸುಕು ಪಟ್ಟೆಗಳು, ಹೊಸ ಕೋನ್ ಹಾಕಿದ ಜಾಗದಿಂದ ಶುರುವಾಗಿ ನಿಧಾನಕ್ಕೆ ಮಾಯ ಆಗ್ತಿದ್ದವು. ನೇಯ್ಗೆ ಶೆಡ್ಡಲ್ಲಿ ನೂಲು ಕಡಿಯಬಾರದು ಅಂತ ತೇವಾಂಶ ಮೇಲಕ್ಕೇ ಇಟ್ಟಿರ್ತಾರೆ, ಅದು ಈ ನಾರು ಕುಗ್ಗೋಕೆ ಶುರು ಮಾಡೋ ಮಟ್ಟಕ್ಕೆ ಹತ್ತಿರ ಇತ್ತು, ಕೋನ್‌ನ ಹೊರಪದರ ಸ್ವಲ್ಪ ಕುಗ್ಗಿ ಒಳಪದರಾನ ಅಮುಕ್ತಿತ್ತು. ಪಟ್ಟೆಗೆ ಡೈ ಲಾಟ್, ಅಂದ್ರೆ ಒಂದೊಂದು ಸಲ ಬಣ್ಣ ಹಾಕಿದ್ರಲ್ಲಿ ಬರೋ ವ್ಯತ್ಯಾಸ, ಕಾರಣ ಅಂತ ಬರೆದು ಫೈಲ್ ಮುಚ್ಚಿದ್ರು.

ಮೊದಲ ಪ್ರಯತ್ನಗಳು

ಫಿನಿಶಿಂಗ್ ಘಟಕದ ಮೊದಲ ಯೋಚನೆ ಹೀಟ್ ಸೆಟ್ಟಿಂಗ್. ಪಾಲಿಯೆಸ್ಟರ್‌ಗೆ ದಿನಾ ಮಾಡೋ ಕೆಲ್ಸ, ಸ್ಟೆಂಟರ್‌ನಲ್ಲಿ (ಬಟ್ಟೆಯ ಎರಡೂ ಅಂಚು ಹಿಡಿದು ಬಿಸಿಗಾಳಿಯಲ್ಲಿ ಸಾಗಿಸೋ ಯಂತ್ರ) 180 ಡಿಗ್ರಿ ಒಣ ಬಿಸಿ ಕೊಟ್ಟು ಅಗಲ ಹಿಡಿದು ಕೂಲ್ ಮಾಡಿದ್ರೆ ಮುಗೀತು. ಇಲ್ಲಿ ಬಟ್ಟೆ ಹಳದಿಗೆ ತಿರುಗ್ತು, ಮುಟ್ಟಿದ್ರೆ ಕಾಗದದ ಥರ, ಕುಗ್ಗೋದು ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಪಾಲಿಯೆಸ್ಟರ್ 80 ಡಿಗ್ರಿ ಹತ್ತಿರಾನೇ ಒಳಗೆ ಮೆತ್ತಗಾಗೋಕೆ ಶುರುವಾಗತ್ತೆ, ಆದ್ರೆ ಒಣಗಿದ ಪ್ರೋಟೀನ್ ನಾರಿನ ಸರಪಳಿ ಅಲ್ಲಾಡ್ಬೇಕಂದ್ರೆ ಅದು ಸುಟ್ಟು ಬಣ್ಣಗೆಡೋ ಬಿಸಿಗೆ ಹತ್ತಿರ ಹೋಗ್ಬೇಕು. ಅದೇ ನೀರು ಇದ್ರೆ ಮಾಮೂಲಿ ಬಿಸಿಯಲ್ಲೇ ಅಲ್ಲಾಡತ್ತೆ. ಇಲ್ಲಿ ಬೀಗದಕೈ ನೀರು, ಬಿಸಿ ಅಲ್ಲ.

ಆಮೇಲೆ ಒಬ್ರು ಉಣ್ಣೆಯ ದಾರಿ ಹೇಳಿದ್ರು, ಕ್ಲೋರಿನ್ ಕೊಟ್ಟು ರೆಸಿನ್ ಲೇಪ ಹಾಕೋದು. ಉಣ್ಣೆ ಒಗೆದಾಗ ಕುಗ್ಗೋದಕ್ಕೆ ಮುಖ್ಯ ಕಾರಣ ನಾರಿನ ಮೇಲಿರೋ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಗಂಟಾಗೋದು, ಕ್ಲೋರಿನ್ ಆ ಚಿಪ್ಪನ್ನ ಹಾಳು ಮಾಡತ್ತೆ. ಈ ನಾರಿಗೆ ಚಿಪ್ಪೇ ಇಲ್ಲ. ಟ್ರಯಲ್ ಕೂಡ ಮಾಡದೆ ಬಿಟ್ವಿ, ಸರಿಯಾದ ನಿರ್ಧಾರ.

ಕ್ರಾಸ್‌ಲಿಂಕರ್, ಅಂದ್ರೆ ಸರಪಳಿಗಳನ್ನ ಒಂದಕ್ಕೊಂದು ಕಟ್ಟಿಹಾಕೋ ಕೆಮಿಕಲ್, ಮಾತ್ರ ಟ್ರಯಲ್ ಮಾಡಿದ್ರು. ಹಳೇ ಕೇಸಿನ್ ನಾರನ್ನ ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿ ಮಾಡ್ತಿದ್ರಲ್ಲ, ಅದೇ ತತ್ವ, ಫಾರ್ಮಾಲ್ಡಿಹೈಡ್ ಇಲ್ಲದ ಕೆಮಿಕಲ್. ಕುಗ್ಗೋದು ಅರ್ಧಕ್ಕೆ ಇಳೀತು, ಜೊತೆಗೆ ಬಟ್ಟೆ ಬಿರುಸಾಯ್ತು, ಹರಿಯದಂಗೆ ತಡೆಯೋ ಬಲ ಕಮ್ಮಿ ಆಯ್ತು. ನನಗೆ ಇದ್ರಲ್ಲಿ ಹಿಡಿಸದೇ ಇದ್ದಿದ್ದು ಬೇರೆ: ನಾರು ಜಗ್ಗಿದ ಸ್ಥಿತಿಯಲ್ಲಿ ಇದ್ದಾಗ್ಲೇ ಕಟ್ಟಿಹಾಕಿದಂಗೆ. ಒಳಗಿನ ಎಳೆತ ಎಲ್ಲೂ ಹೋಗಿಲ್ಲ, ಬರೀ ಬಾಗಿಲು ಹಾಕಿದೀವಿ. ಬ್ರ್ಯಾಂಡ್‌ನವರು ಸ್ಯಾಂಪಲ್ ಮುಟ್ಟಿ ನೋಡಿ ಬೇಡ ಅಂದ್ರು, ಆ ದಾರಿ ಅಲ್ಲಿಗೇ ಮುಗೀತು.

ಲ್ಯಾಬಲ್ಲಿ ಗೆದ್ದು ಬಲ್ಕಲ್ಲಿ ಸೋತಿದ್ದು

ಹಾಗಿದ್ರೆ ಮೊದಲೇ ನೀರಲ್ಲಿ ಕುಗ್ಗಿಸಿಬಿಡೋಣ ಅನ್ನೋದು ಸಹಜವಾದ ಮುಂದಿನ ಹೆಜ್ಜೆ. ಲ್ಯಾಬಲ್ಲಿ ತುಂಡು ಬಟ್ಟೆಯನ್ನ ಬಿಸಿನೀರಲ್ಲಿ ಸಡಿಲವಾಗಿ ನೆನೆಸಿ, ಜಾಲರಿ ಮೇಲೆ ಹರಡಿ ಒಣಗಿಸಿದ್ರು. ಆಮೇಲೆ ವಾಶ್ ಕೊಟ್ರೆ ಬರೀ ಶೇ 2. ಎಲ್ರೂ ಖುಷಿ. ಅದೇ ರೆಸಿಪಿ ಬಲ್ಕಿಗೆ, ಅಂದ್ರೆ ದೊಡ್ಡ ಪ್ರಮಾಣದ ಉತ್ಪಾದನೆಗೆ, ಹೋಯ್ತು, ಅದೇ ನೀರು, ಅದೇ ಬಿಸಿ, ಅದೇ ಟೈಮು. ಬಲ್ಕ್ ಬಟ್ಟೆ ವಾಶ್ ಆದ್ಮೇಲೆ ಶೇ 11.

ಎಲ್ರೂ ನೀರಿನ ಕಡೆಗೇ ನೋಡಿದ್ರು, ಬಿಸಿ ಸಾಲ್ಲಿಲ್ವಾ, ಹೊತ್ತು ಸಾಲ್ಲಿಲ್ವಾ, ಪಿಎಚ್ ಸರಿ ಇತ್ತಾ ಅಂತ. ವ್ಯತ್ಯಾಸ ಇದ್ದಿದ್ದು ಒಣಗಿಸೋದ್ರಲ್ಲಿ. ಲ್ಯಾಬಲ್ಲಿ ಬಟ್ಟೆ ಸುಮ್ನೆ ಬಿದ್ದುಕೊಂಡು ಒಣಗಿತ್ತು. ಬಲ್ಕಲ್ಲಿ ಒದ್ದೆ ಬಟ್ಟೆ ಸ್ಟೆಂಟರ್‌ಗೆ ಬಂದಾಗ ಅದರ ಅಗಲ 130ರ ಹತ್ತಿರ ಇತ್ತು, ಆರ್ಡರ್ ಶೀಟಲ್ಲಿ 150 ಅಂತ ಬರೆದಿತ್ತು, ಆಪರೇಟರ್ ತನ್ನ ಕೆಲ್ಸ ತಾನು ಮಾಡಿದ, ಎರಡೂ ಅಂಚು ಪಿನ್ನಿಗೆ ಹಾಕಿ ಚೈನ್ ಅಗಲ ಮಾಡಿ ಎಳೆದಷ್ಟು ಎಳೆದು ಒಣಗಿಸಿದ. ಒದ್ದೆ ಕೂದಲನ್ನ ರೋಲರ್‌ಗೆ ಸುತ್ತಿ ಒಣಗಿಸಿದ್ರೆ ಗುಂಗುರಾಗಿ ನಿಲ್ಲತ್ತೆ, ಮತ್ತೆ ನೀರು ತಾಕಿದ್ರೆ ಹೋಗತ್ತೆ, ಕೂದಲೂ ಪ್ರೋಟೀನೇ, ನಡೆಯೋದು ಅದೇ ಹೈಡ್ರೋಜನ್ ಬಂಧದ ಆಟ. ನೀರಲ್ಲಿ ಕಷ್ಟಪಟ್ಟು ತೆಗೆದ ಎಳೆತವನ್ನ ಸ್ಟೆಂಟರ್ ವಾಪಸ್ ತುಂಬಿ, ಒಣಗಿಸಿ, ಸೀಲ್ ಮಾಡಿ ಕೊಟ್ಟಿತ್ತು.

ಈ ಕೇಸಿನ ಮೊದಲ ತಿರುವು ಇದು. ಉಣ್ಣೆ ಬಟ್ಟೆಗೆ ಲಂಡನ್ ಶ್ರಿಂಕಿಂಗ್ ಅಂತ ಒಂದು ಹಳೇ ಪದ್ಧತಿ ಇದೆ, ಒದ್ದೆ ಹೊದಿಕೆಗಳ ನಡುವೆ ಬಟ್ಟೆ ಇಟ್ಟು, ತೇವ ಕುಡಿಸಿ, ಆಮೇಲೆ ಯಾವ ಎಳೆತಾನೂ ಇಲ್ದೆ ತಾನಾಗೇ ಒಣಗೋಕೆ ಬಿಡೋದು. ಅದ್ರಲ್ಲಿ ಅರ್ಧ ಕೆಲ್ಸ ಇರೋದು ಆ ಸುಮ್ನೆ ಒಣಗೋದ್ರಲ್ಲೇ, ಜನ ನೋಡೋದು ಒದ್ದೆ ಹೊದಿಕೆ ಮಾತ್ರ.

ಎರಡು ಲ್ಯಾಬ್, ಎರಡು ಉತ್ತರ

ಸರಿ, ಸಡಿಲವಾಗಿ ಒಣಗಿಸಿದ ಬಟ್ಟೆ ಬಂತು. ಈಗ ಘಟಕದ ಲ್ಯಾಬ್ ಫೇಲ್ ಅಂತು, ಬ್ರ್ಯಾಂಡ್‌ನ ಲ್ಯಾಬ್ ಪಾಸ್ ಅಂತು. ಸಾಮಾನ್ಯವಾಗಿ ಉಲ್ಟಾ ಆಗತ್ತೆ, ಅದಕ್ಕೇ ಯಾರಿಗೂ ನಂಬಿಕೆ ಬರ್ಲಿಲ್ಲ.

ಆಗ ನಾವು ಬಟ್ಟೆ ಬಿಟ್ಟು ನೂಲಿಗೆ ಇಳಿದ್ವಿ. ನೂಲಿನ ಮೇಲೆ ಎರಡು ಗುರುತು ಹಾಕಿ, ಹಗುರವಾದ ತೂಕ ಕಟ್ಟಿ, ಒಣಗಿದಾಗ ಅಳೆಯೋದು, ನೆನೆಸಿ ಅಳೆಯೋದು, ಸಡಿಲವಾಗಿ ಒಣಗಿಸಿ ಅಳೆಯೋದು, ಮತ್ತೆ ನೆನೆಸೋದು. ಸ್ಕೇಲು ಮತ್ತು ಒಂದು ಬಕೆಟ್ ನೀರು ಸಾಕು. ಇಷ್ಟು ಹೊತ್ತು ಎಲ್ರೂ ಶ್ರಿಂಕೇಜ್ ಅಂತ ಒಂದೇ ಹೆಸರಲ್ಲಿ ಕರೀತಿದ್ದುದು ಎರಡು ಬೇರೆ ಬೇರೆ ವಿಷ್ಯ ಅಂತ ಅಲ್ಲಿ ಗೊತ್ತಾಯ್ತು. ಮೊದಲ ಸಲ ಒದ್ದೆಯಾಗಿ ಒಣಗಿದಾಗ ನೂಲು ಶೇ 18ರಷ್ಟು ಕುಗ್ತು, ಇದು ಒಂದೇ ಸಲ ಆಗೋದು, ಮತ್ತೆ ಜಗ್ಗಿ ಒಣಗಿಸೋವರೆಗೂ ವಾಪಸ್ ಬರಲ್ಲ. ಅದಾದ್ಮೇಲೆ ಒದ್ದೆ ಮಾಡಿದ್ರೆ ನೂಲು ಶೇ 3–4ರಷ್ಟು ಉದ್ದ ಆಗ್ತಿತ್ತು, ಒಣಗಿದ್ರೆ ವಾಪಸ್ ಅಷ್ಟೇ ಗಿಡ್ಡ. ಎಷ್ಟು ಸಲ ಮಾಡಿದ್ರೂ ಅದೇ. ಮೊದಲ ಸಲ ನೀರು ಕುಗ್ಗಿಸತ್ತೆ, ಆಮೇಲೆ ಅದೇ ನೀರು ಉದ್ದ ಮಾಡತ್ತೆ, ದಿಕ್ಕೇ ತಿರುಗಿತು. ಅಸಲಿ ಜೇಡದ ಎಳೆಯಲ್ಲೂ ಇದನ್ನ ಕಂಡಿದಾರೆ, ಸೂಪರ್‌ಕಾಂಟ್ರಾಕ್ಷನ್ ಆದ್ಮೇಲೆ ತೇವ ಬಂದ್ರೆ ಸಡಿಲ, ಒಣಗಿದ್ರೆ ಬಿಗಿ.

ಲ್ಯಾಬ್ ಜಗಳ ಇದ್ರಿಂದ್ಲೇ ಬಗೆಹರೀತು. ಘಟಕದವರು ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು ಅಳೀತಿದ್ರು, ಆಗ ನಾರು ಅತಿಯಾಗಿ ಒಣಗಿ ತನ್ನ ಅತಿ ಗಿಡ್ಡ ಸ್ಥಿತಿಯಲ್ಲಿ ಇರತ್ತೆ. ಬ್ರ್ಯಾಂಡ್‌ನವರು ಐಎಸ್‌ಒ 139 ಹೇಳೋ 20 ಡಿಗ್ರಿ, ಶೇ 65 ತೇವಾಂಶದಲ್ಲಿ ಬಟ್ಟೆ ಇಟ್ಟು, ಅದು ಗಾಳಿಯ ತೇವ ಕುಡಿದ್ಮೇಲೆ ಅಳೀತಿದ್ರು. ತೇವಾನ ಹತ್ತಿರ ಸೇರಿಸದ ಪಾಲಿಯೆಸ್ಟರ್‌ಗೆ ಈ ಕಂಡೀಶನಿಂಗ್ ಬಿಟ್ರೂ ಏನೂ ಆಗಲ್ಲ, ಆ ಅಭ್ಯಾಸ ಇಲ್ಲೂ ನಡೀತು. ಇನ್ನೊಂದು ಗುಟ್ಟು ಕೂಡ ಹೊರಬಿತ್ತು: ಸ್ಟೆಂಟರ್ ಬಾಯಲ್ಲಿ ಬಟ್ಟೆ ಅತಿಯಾಗಿ ಒಣಗಿ ಬರ್ತಿದ್ದರಿಂದ ಅಗಲ ಕಮ್ಮಿ ಕಾಣ್ತಿತ್ತು, ಆಪರೇಟರ್ ಅದನ್ನ ನೋಡಿ ಇನ್ನೂ ಸ್ವಲ್ಪ ಎಳೀತಿದ್ದ.

ಎಲ್ಲಿ ಕುಗ್ಗಿಸೋದು

ಮುಖ್ಯ ನಿರ್ಧಾರ ಬಂದಿದ್ದು ಈಗ. ಆ ಶೇ 18ನ್ನ ಬಟ್ಟೆಯಲ್ಲಿ ತೆಗೀಬೇಕಾ ನೂಲಲ್ಲಿ ತೆಗೀಬೇಕಾ?

ಬಟ್ಟೆಯಲ್ಲೇ ತೆಗೆಯೋಣ ಅಂತ ಹೇಳೋರು ಜಾಸ್ತಿ ಇದ್ರು, ಹೆಚ್ಚುವರಿ ಹಂತ ಇಲ್ಲ ಅಂತ. ತೊಂದ್ರೆ ಏನಂದ್ರೆ ಬಟ್ಟೆಯೊಳಗೆ ಹೊಕ್ಕು ಕುಗ್ಬೇಕಂದ್ರೆ ಹಾಸಿನ ಎಳೆಗಳು ಪಕ್ಕಕ್ಕೆ ಸರಿದು ಜಾಗ ಕೊಡ್ಬೇಕು, ಒಂದು ಹಂತದಲ್ಲಿ ಅವು ಒಂದಕ್ಕೊಂದು ತಾಕಿ ನಿಂತುಬಿಡ್ತವೆ. ನಾರು ಇನ್ನೂ ಕುಗ್ಬೇಕು ಅಂತಿರತ್ತೆ, ಜಾಗ ಇಲ್ಲ, ಉಳಿದ ಎಳೆತ ಒಳಗೇ ಕೂರತ್ತೆ, ಮುಂದೆ ಒಗೆದಾಗ ಒಂದೊಂದೇ ಸಲ ಸ್ವಲ್ಪ ಸ್ವಲ್ಪ ಹೊರಗೆ ಬರತ್ತೆ. ಅದನ್ನ ತೋರಿಸೋಕೆ ಅದೇ ನೂಲಲ್ಲಿ ಸಡಿಲ ನೇಯ್ಗೆ ಒಂದು, ಬಿಗಿ ನೇಯ್ಗೆ ಒಂದು ಮಾಡಿ ಒಟ್ಟಿಗೆ ನೆನೆಸಿದ್ವಿ. ಸಡಿಲದ್ದು ಒಂದೇ ಸಲಕ್ಕೆ ಕುಗ್ಗಿ ಸುಮ್ಮನಾಯ್ತು. ಬಿಗಿಯದ್ದು ಮೊದಲು ಕಮ್ಮಿ ಕುಗ್ಗಿದಂಗೆ ಕಂಡು, ಪ್ರತಿ ವಾಶ್‌ಗೂ ಇನ್ನಷ್ಟು ಒಳಗೆ ಹೋಗ್ತಾ ಉಬ್ಬುಗಳು ಜಾಸ್ತಿ ಆದವು. ನಮ್ಮ ಬಟ್ಟೆ ಬಿಗಿ ಕಡೆಗೇ ಇತ್ತು. ಹಾಗಾಗಿ ನೂಲು.

ನೂಲು ಕೊಟ್ಟವರು ತಕ್ಷಣ ಅಂದ್ರು, ನಾವು ಆಗ್ಲೇ ಸ್ಟೀಮ್ ಮಾಡೇ ಕೊಡ್ತಿದೀವಲ್ಲ, ಪ್ರೀ ಶ್ರಂಕ್ ಅದು. ಸುಳ್ಳಲ್ಲ. ಆದ್ರೆ ಕೋನ್ ಮೇಲೆ ಬಿಗಿಯಾಗಿ ಸುತ್ತಿರೋವಾಗ ಸ್ಟೀಮ್ ಕೊಟ್ರೆ ನೂಲಿನ ತಿರುವು (ಹುರಿ) ಸೆಟ್ ಆಗತ್ತೆ, ನೂಲು ಕುಗ್ಗೋಕೆ ಎಲ್ಲಿಗೆ ಹೋಗ್ಬೇಕು? ಕೋನ್‌ನ ಹೊರಗಿನ ನೂಲನ್ನೂ ಒಳಗಿನ ನೂಲನ್ನೂ ಬೇರೆ ಬೇರೆ ತೆಗೆದು ಬಕೆಟ್ ಟೆಸ್ಟ್ ಮಾಡಿದ್ರೆ ಬೇರೆ ಬೇರೆ ನಂಬರ್ ಬಂತು, ಒಳಗಿನದ್ದು ಜಾಸ್ತಿ ಕುಗ್ತು. ಆ ಹಳೇ ಪಟ್ಟೆಗಳ ಫೈಲ್ ಮತ್ತೆ ತೆರೆದಿದ್ದು ಅವತ್ತು.

ಕೊನೆಗೆ ಮಾಡಿದ್ದು ಹೀಗೆ. ನೂಲನ್ನ ಕೋನ್‌ನಿಂದ ಬಿಚ್ಚಿ ಸಡಿಲ ಲಡಿ (ದೊಡ್ಡ ಸುರುಳಿ) ಮಾಡಿ, ಉಗುರು ಬೆಚ್ಚಗಿನ ನೀರಿಗೆ ಹಾಕಿ ನಿಧಾನಕ್ಕೆ 80 ಡಿಗ್ರಿವರೆಗೆ ಏರಿಸೋದು. ಒಂದೇ ಸಲ ಬಿಸಿನೀರಿಗೆ ಎಸೆದ್ರೆ ಹೊರಗಿನ ಎಳೆಗಳು ಮೊದಲು ಕುಗ್ಗಿ ಒಳಗಿನದನ್ನ ಹಿಡ್ಕೊಳ್ತಿದ್ವು, ಅದಕ್ಕೆ ಈ ನಿಧಾನ. ನೀರು ಸ್ವಲ್ಪ ಹುಳಿ ಕಡೆಗೆ, ಪಿಎಚ್ 5ರ ಹತ್ತಿರ, ಕ್ಷಾರ ಈ ಥರದ ನಾರುಗಳಿಗೆ ಆಗಿಬರಲ್ಲ. ಆಮೇಲೆ ನೇತುಹಾಕದೆ, ಒದ್ದೆ ಲಡಿ ತನ್ನ ಭಾರಕ್ಕೇ ಜಗ್ಗತ್ತೆ ಅಂತ, ಜಾಲರಿ ಮೇಲೆ ಮಲಗಿಸಿ ಕಮ್ಮಿ ಬಿಸಿ ಗಾಳಿಯಲ್ಲಿ ಒಣಗಿಸಿ, ಹಗುರ ಟೆನ್ಶನ್‌ನಲ್ಲಿ ವಾಪಸ್ ಸುತ್ತೋದು. ನಾವು ಬಿಟ್ಟ ಲಡಿಗಳಲ್ಲಿ ತಿರುವಿನಿಂದ ಸಿಕ್ಕು ಬಿದ್ದು ಹಾಳಾಗಿದ್ದೂ ಇದೆ, ಅಲ್ಲಲ್ಲಿ ದಾರ ಕಟ್ಟಿ ಹಿಡಿಯೋದನ್ನ ಹಳೇ ರೇಷ್ಮೆ ಡೈಯಿಂಗ್ ಕೆಲಸದವರೊಬ್ರು ತೋರಿಸಿಕೊಟ್ಟ ಮೇಲೆ ಸರಿ ಆಯ್ತು.

ಅಗಲದ ಲೆಕ್ಕಾಚಾರ

ಕುಗ್ಗಿದ ನೂಲು ದಪ್ಪ ಆಗತ್ತೆ, ಇದನ್ನ ಮರೆತ್ರೆ ಇಡೀ ಬಟ್ಟೆ ತಪ್ಪತ್ತೆ. 100 ಮೀಟರ್ ನೂಲು 82 ಮೀಟರ್‌ಗೆ ಬಂತು, ತೂಕ ಅಷ್ಟೇ, ಅಂದ್ರೆ 20 ಟೆಕ್ಸ್ ಇದ್ದಿದ್ದು 24 ದಾಟ್ತು. ಹಳೇ ಡಿಸೈನಲ್ಲೇ ನೇಯ್ದಿದ್ರೆ ರಟ್ಟು. ಸೆಂಟಿಮೀಟರ್‌ಗೆ 24 ಹೊಕ್ಕು ಇದ್ದಿದ್ದನ್ನ 21 ಮಾಡಿದ್ರು. ಹಾಗೆ ಮಾಡಿದ್ರೂ ಚದರ ಮೀಟರ್‌ಗೆ ಈ ದುಬಾರಿ ನಾರು ಸುಮಾರು ಶೇ 7 ಜಾಸ್ತಿ ಹೋಗ್ತಿತ್ತು. ಜೊತೆಗೆ ಬಟ್ಟೆ ತಾನಾಗಿ ನಿಲ್ಲೋ ಅಗಲ 144, ಆರ್ಡರ್ 150.

ಬ್ರ್ಯಾಂಡ್‌ನ ಖರೀದಿ ವಿಭಾಗದವರು ಒಪ್ಪಲಿಲ್ಲ, ನ್ಯಾಯವೇ, ಜಾಸ್ತಿ ನಾರು ಕಮ್ಮಿ ಬಟ್ಟೆ ಯಾರಿಗೆ ಬೇಕು. ಮಾತು ತಿರುಗಿದ್ದು ಒಂದು ಸರಳ ಲೆಕ್ಕದಿಂದ: ಹಳೇ ಬಟ್ಟೆ 150 ಇದ್ದಿದ್ದು ರೋಲಲ್ಲಿ ಮಾತ್ರ, ಒಂದು ಒಗೆತ ಆದ್ಮೇಲೆ 124, ಆಗ ಅದ್ರಲ್ಲಿ ಚದರ ಮೀಟರ್‌ಗೆ ಹೊಕ್ಕಿನ ನಾರು ಶೇ 20ಕ್ಕೂ ಜಾಸ್ತಿ ಆಗಿರತ್ತೆ. ಆ 26 ಸೆಂಟಿಮೀಟರ್ ಯಾವತ್ತೂ ಬಟ್ಟೆ ಆಗಿರ್ಲೇ ಇಲ್ಲ. 144ಕ್ಕೆ ಸಹಿ ಬಿತ್ತು, ಪ್ಯಾಟರ್ನ್ ಲೇಔಟ್ ಅವರು ಮತ್ತೆ ಹಾಕ್ಕೊಂಡ್ರು. ನನ್ನ ಪ್ರಕಾರ ಕೆಮಿಸ್ಟ್ರಿಗಿಂತ ಈ ಸಹಿಯೇ ಬಟ್ಟೆಯನ್ನ ಉಳಿಸಿದ್ದು, ಯಾಕಂದ್ರೆ ಆರ್ಡರ್ ಶೀಟಲ್ಲಿ 150 ಇರೋವರೆಗೂ ಯಾರಾದ್ರೂ ಒಬ್ರು ಅದನ್ನ ಎಳೆದೇ ಎಳೀತಿದ್ರು.

ನೇಯ್ದ ಮೇಲೂ ಬಟ್ಟೆಗೆ ಒಂದು ಸಡಿಲ ಒಗೆತ, ಎಳೆತ ಇಲ್ಲದ ಕನ್ವೇಯರ್ ಡ್ರೈಯರ್, ಕೊನೆಗೆ ಸ್ಟೆಂಟರ್‌ನಲ್ಲಿ ಬರೀ ಅಂಚು ನೆಟ್ಟಗೆ ಮಾಡೋಷ್ಟು ಸ್ಟೀಮು. ಶೆಡ್ಡಲ್ಲಿ ಕೋನ್‌ಗಳನ್ನ ಮುಚ್ಚಿದ ಚೀಲದಲ್ಲಿ ಇಟ್ಟು ಬೇಕಾದಾಗ ಮಾತ್ರ ಹೊರಗೆ.

ಏನಾಯ್ತು, ಏನು ಉಳೀತು

ಮೊದಲ ವಾಶ್‌ಗೆ ಅಗಲದಲ್ಲಿ ಶೇ 2, ಐದನೇ ವಾಶ್‌ಗೂ ಶೇ 3ರ ಒಳಗೇ. ಪಟ್ಟೆಗಳು ಹೋದವು. ಬಟ್ಟೆ ಮೊದಲಿಗಿಂತ ತುಸು ಮೆತ್ತಗೆ, ಸ್ವಲ್ಪ ಜಗ್ಗೋ ಗುಣಾನೂ ಬಂತು, ಕುಗ್ಗಿಸಿದ ನಾರು ಜಾಸ್ತಿ ಹಿಗ್ಗತ್ತೆ, ಜಾಕೆಟ್ ಕಟ್ ಮಾಡೋರಿಗೆ ಅದು ಇಷ್ಟ ಆಯ್ತು, ಮೊದಲಿನ ಗರಿಗರಿ ಮೈಯನ್ನ ಇಷ್ಟಪಟ್ಟಿದ್ದ ಡಿಸೈನರ್‌ಗೆ ಆಗ್ಲಿಲ್ಲ.

ಆ ವಾಪಸ್ ಬರೋ ಶೇ 3–4 ಮಾತ್ರ ಹೋಗಿಲ್ಲ, ಯಾವ ಪ್ರೀ ಟ್ರೀಟ್‌ಮೆಂಟ್‌ನಿಂದಲೂ ಹೋಗಲ್ಲ, ಅದು ನಾರಿನ ಸ್ವಭಾವ, ಬದಲಾಗ್ಬೇಕಂದ್ರೆ ಪ್ರೋಟೀನಿನ ಸಾಲೇ ಬದಲಾಗ್ಬೇಕು. ಮಳೆ ಹನಿ ಬಿದ್ದ ಜಾಗದಲ್ಲಿ ಹೊಕ್ಕು ಉದ್ದವಾಗಿ ಬಟ್ಟೆ ಅಲ್ಲಲ್ಲಿ ಉಬ್ಬತ್ತೆ, ಒಣಗಿದ್ರೆ ಸಮ ಆಗತ್ತೆ. ಇದನ್ನ ಹೊಲಿಗೆಯಲ್ಲಿ ನಿಭಾಯಿಸಿದ್ರು: ಆಕಾರ ನಿಲ್ಲೋಕೆ ಒಳಗಿಡೋ ಇಂಟರ್‌ಲೈನಿಂಗ್ ಪದರದಲ್ಲಿ ಅಂಟಿಸೋದನ್ನ ಬಿಟ್ಟು ಹೊಲಿಯೋದಕ್ಕೆ ಹೋದ್ರು, ಒಳಬಟ್ಟೆಗೆ ಅಗಲದಲ್ಲಿ ಸಡಿಲ ಬಿಟ್ರು. ಲೇಬಲ್‌ನಲ್ಲಿ ಪ್ರೋಟೀನ್ ತಿನ್ನೋ ಎಂಜೈಮ್ ಇರೋ ಡಿಟರ್ಜೆಂಟ್ ಬೇಡ, ಮಲಗಿಸಿ ಒಣಗಿಸಿ ಅಂತ ಬರೆದ್ರು, ರೇಷ್ಮೆ ಉಣ್ಣೆಗೆ ಹೇಳೋ ಮಾತೇ.

ಆಮೇಲೆ ಅದೇ ಹೆಸರಿನ ನೂಲಿನ ಇನ್ನೊಂದು ಲಾಟ್ ಬಂತು, ನಾರನ್ನ ಎಳೆಯೋ ಪ್ರಮಾಣ ಬದಲಾಗಿತ್ತಂತೆ. ಬಕೆಟ್ ಟೆಸ್ಟಲ್ಲಿ ಶೇ 18ರ ಬದಲು ಶೇ 13 ಕುಗ್ತು. ಟೆಕ್ಸ್ ಲೆಕ್ಕ ಮತ್ತೆ ಹಾಕಿ, ಹೊಕ್ಕಿನ ಸಂಖ್ಯೆ ತಿದ್ದಿ, ಆಮೇಲೇ ಮಗ್ಗಕ್ಕೆ ಏರಿಸಿದ್ರು.